ಡೋಣಿ, ಕೃಷ್ಣಾ ತೀರ: ನೀರಿನ ಪಾಲಿಗೆ ಕಾನೂನು, ಗುಣಮಟ್ಟಕ್ಕೆ ಕೊರತೆ

ಬಸವನ ಬಾಗೇವಾಡಿ: ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿ ಪರಿಸರದ ಬದುಕು ಎರಡು ನದಿಗಳನ್ನು ಅವಲಂಬಿಸಿದೆ. ಒಂದು, ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಒಳಗಾದ ಕೃಷ್ಣೆ; ಇನ್ನೊಂದು, ಹೂಳು ತುಂಬಿದ, ಸವಳು ನೀರಿನ ಡೋಣಿ. ಕೃಷ್ಣೆಯ ಪ್ರತಿ ಟಿಎಂಸಿ ಅಡಿ ನೀರಿಗೂ ಲೆಕ್ಕವಿದೆ. ಆದರೆ ನೀರಿನ ಗುಣಮಟ್ಟ ಹಾಗೂ ನೆರೆಯ ವಿಷಯದಲ್ಲಿ ಕಾನೂನಿನ ಹಿಡಿತ ಸಡಿಲವಾಗಿದೆ.

ಡೋಣಿಯ ಸಂಕಟ

ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನಲ್ಲಿ ಹುಟ್ಟುವ ಡೋಣಿ, ವಿಜಯಪುರ ಜಿಲ್ಲೆಯ ಎರೆಭೂಮಿಯಲ್ಲಿ ಹರಿದು ಕೃಷ್ಣೆಯನ್ನು ಸೇರುತ್ತದೆ. ಡೋಣಿ ಸೀಮೆ ಬೆಳೆದರೆ ಓಣಿಯೆಲ್ಲ ಕಾಳು ಎಂಬುದು ಇಲ್ಲಿನ ಜನರ ನಂಬಿಕೆ. ಅದೇ ನದಿಯ ನೀರು ಉಪ್ಪಾದ ಕಾರಣ ಕುಡಿಯಲು ಯೋಗ್ಯವಲ್ಲ. ಹೂಳಿನಿಂದ ಪಾತ್ರ ಮೇಲೇರಿದ್ದು, ಜೋರು ಮಳೆಯಾದಾಗ ನೀರು ಹೊಲಗಳಿಗೆ ನುಗ್ಗುತ್ತದೆ. ತಾಳಿಕೋಟೆ ಭಾಗದಲ್ಲಿ ಸೇತುವೆ ಮುಳುಗಿ ಸಂಚಾರ ಕಡಿತಗೊಳ್ಳುತ್ತದೆ. ಹೂಳೆತ್ತಬೇಕೆಂಬ ರೈತರ ಬೇಡಿಕೆ ದಶಕಗಳಷ್ಟು ಹಳೆಯದು.

ಹಂಚಿಕೆಯ ಕಾನೂನು

1956ರ ಅಂತರರಾಜ್ಯ ನದಿ ನೀರು ವಿವಾದಗಳ ಕಾಯ್ದೆಯಡಿ ರಚನೆಗೊಂಡ ಬಚಾವತ್ ನ್ಯಾಯಮಂಡಳಿ ಕೃಷ್ಣೆಯಲ್ಲಿ ಕರ್ನಾಟಕಕ್ಕೆ 700 ಟಿಎಂಸಿ ಅಡಿ ನೀರನ್ನು ನಿಗದಿಪಡಿಸಿತು. ಬ್ರಿಜೇಶ್ ಕುಮಾರ್ ನೇತೃತ್ವದ ಎರಡನೇ ನ್ಯಾಯಮಂಡಳಿಯು 2010ರಲ್ಲಿ ಆಲಮಟ್ಟಿ ಜಲಾಶಯದ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸಲು ಸಮ್ಮತಿಸಿತು. 2011ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ಆದೇಶದಿಂದ ಗೆಜೆಟ್ ಪ್ರಕಟಣೆ ತಡೆಹಿಡಿಯಲ್ಪಟ್ಟಿತು.

ಗುಣಮಟ್ಟದ ಕಾನೂನು

ಗುಣಮಟ್ಟಕ್ಕೆ ಸಂಬಂಧಿಸಿದ ಮುಖ್ಯ ಶಾಸನ 1974ರ ಜಲ ಮಾಲಿನ್ಯ ನಿಯಂತ್ರಣ ಕಾಯ್ದೆ. ಅದೇ ವರ್ಷ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯೂ ಸ್ಥಾಪನೆಯಾಯಿತು. ಕಾರ್ಖಾನೆ ಅಥವಾ ಪಟ್ಟಣದ ಕೊಳಚೆಯನ್ನು ನದಿಗೆ ಬಿಡಲು ಮಂಡಳಿಯ ಸಮ್ಮತಿ ಬೇಕು. ಆದರೆ ಮಣ್ಣಿನಿಂದ ಹಾಗೂ ನೀರಾವರಿ ಜಮೀನಿನಿಂದ ಬಸಿದು ಬರುವ ಉಪ್ಪಿಗೆ ಕೊಳವೆಯೂ ಇಲ್ಲ, ಮಾಲೀಕನೂ ಇಲ್ಲ. ಸಮ್ಮತಿ ಪತ್ರದ ಕ್ರಮ ಅದಕ್ಕೆ ಒಗ್ಗುವುದಿಲ್ಲ. 2024ರ ತಿದ್ದುಪಡಿಯು ಹಲವು ಅಪರಾಧಗಳಿಗೆ ಜೈಲುಶಿಕ್ಷೆಯ ಬದಲು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡವನ್ನು ವಿಧಿಸಿದೆಯಾದರೂ, ಈ ಕೊರತೆಯನ್ನು ತುಂಬಿಲ್ಲ.

ನೆರೆ ಮತ್ತು ಪ್ರವಾಹ ಬಯಲು

2019ರ ನೆರೆಯ ನಂತರ ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ್ದ ವಡನೇರೆ ಸಮಿತಿಯು, ಸಾಂಗಲಿ, ಕೊಲ್ಹಾಪುರಗಳ ಪ್ರವಾಹಕ್ಕೆ ಆಲಮಟ್ಟಿ ಕಾರಣವಲ್ಲವೆಂದು ವರದಿ ನೀಡಿತು. ಅತಿವೃಷ್ಟಿಯ ಜೊತೆಗೆ ನದಿ ಬಯಲಿನ ಒತ್ತುವರಿಯತ್ತಲೂ ಅದು ಬೊಟ್ಟು ಮಾಡಿತು.

ಪ್ರವಾಹ ಬಯಲಿನಲ್ಲಿ ಎಲ್ಲಿ ಮನೆ ಕಟ್ಟಬಹುದು, ಎಲ್ಲಿ ಕೂಡದು ಎಂದು ವಲಯ ಗುರುತಿಸುವ ಮಾದರಿ ಮಸೂದೆಯನ್ನು ಕೇಂದ್ರವು 1975ರಲ್ಲೇ ರಾಜ್ಯಗಳಿಗೆ ಕಳುಹಿಸಿತ್ತು. ಮಣಿಪುರ, ರಾಜಸ್ಥಾನ, ಉತ್ತರಾಖಂಡದಂತಹ ಕೆಲವೇ ರಾಜ್ಯಗಳು ಕಾಯ್ದೆ ರೂಪಿಸಿದವು. ಕರ್ನಾಟಕ ಆ ಪಟ್ಟಿಯಲ್ಲಿಲ್ಲ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯು ಹಳೆಯ ಅಣೆಕಟ್ಟುಗಳಿಗೂ ಐದು ವರ್ಷದೊಳಗೆ ತುರ್ತು ಕ್ರಿಯಾ ಯೋಜನೆಯನ್ನು ಕಡ್ಡಾಯಗೊಳಿಸಿದೆ. ಆದರೆ ಅಣೆಕಟ್ಟೇ ಇಲ್ಲದ ಕಡೆ ಉಕ್ಕುವ ಹಳ್ಳ, ನದಿಗಳಿಗೆ ಅದು ಅನ್ವಯಿಸದು.

ಸುಧಾರಣೆಯ ದಾರಿ

ಈ ಹಿನ್ನೆಲೆಯಲ್ಲಿ ಮೂರು ಬದಲಾವಣೆಗಳು ಮುಖ್ಯವಾಗುತ್ತವೆ. ಪ್ರವಾಹ ಬಯಲು ವಲಯ ಕಾಯ್ದೆ ಜಾರಿಯಾಗಬೇಕು. ಕಾಲುವೆಯೊಂದಿಗೆ ಬಸಿಗಾಲುವೆಯನ್ನೂ ನಿರ್ಮಿಸಿ, ಅದರ ನೀರಿನ ಲವಣಾಂಶವನ್ನು ಅಳೆಯುವುದು ನೀರಾವರಿ ಯೋಜನೆಯ ಷರತ್ತಾಗಬೇಕು. ಹರಿವು, ಹೂಳು, ಗುಣಮಟ್ಟಗಳ ಹೊಣೆ ಬೇರೆ ಬೇರೆ ಇಲಾಖೆಗಳಲ್ಲಿ ಹಂಚಿಹೋಗದೆ ಇಡೀ ನದಿಕೊಳ್ಳಕ್ಕೆ ಒಂದೇ ಯೋಜನೆ ಇರಬೇಕು. ಅಲ್ಲಿಯವರೆಗೆ ಹೂಳೆತ್ತಿದರೂ ಕೆಲವೇ ಮಳೆಗಾಲಗಳಲ್ಲಿ ಡೋಣಿ ಮತ್ತೆ ಹೊಲಗಳತ್ತ ತಿರುಗುವುದು ತಪ್ಪದು.