ಎಲ್ಲರೂ ಓದಲೇಬೇಕಾದ ಒಂದು ಪಾಠ

1989ರ ಏಪ್ರಿಲ್‌ನಲ್ಲಿ ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಧ್ಯಾಪಕರು ಒಂದು ಪ್ರಶ್ನೆಯನ್ನು ಮತಕ್ಕೆ ಹಾಕಿದರು. ಗಣಿತ ಓದುವವರಿರಲಿ, ಸಂಗೀತ ಕಲಿಯುವವರಿರಲಿ, ಪದವಿ ಪಡೆಯಬೇಕಾದರೆ ಅಮೆರಿಕದ ಜನಾಂಗಗಳ ಚರಿತ್ರೆ, ಸಂಸ್ಕೃತಿಗಳನ್ನು ಕುರಿತ ಒಂದು ಕೋರ್ಸನ್ನು ಓದಲೇಬೇಕೆ? 227 ಮಂದಿ ಹೌದು ಎಂದರು, 194 ಮಂದಿ ಬೇಡ ಎಂದರು. ಬರಿಯ 33 ಮತಗಳ ಅಂತರದಲ್ಲಿ ಗೆದ್ದ ಆ ನಿರ್ಣಯ 1991ರಲ್ಲಿ ಸೇರಿದ ವಿದ್ಯಾರ್ಥಿಗಳಿಂದ ಜಾರಿಗೆ ಬಂತು. ಅದರ ಹೆಸರು ‘ಅಮೆರಿಕನ್ ಕಲ್ಚರ್ಸ್’.

ಈ ಮತದಾನದ ಹಿಂದೆ ಇಪ್ಪತ್ತು ವರ್ಷಗಳ ಕಥೆಯಿದೆ. 1968ರ ನವೆಂಬರ್‌ನಲ್ಲಿ, ಬರ್ಕ್ಲಿಗೆ ಸಮೀಪದ ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್ ಕಾಲೇಜಿನಲ್ಲಿ ಕಪ್ಪು ವಿದ್ಯಾರ್ಥಿಗಳ ಒಕ್ಕೂಟ ಮುಷ್ಕರ ಹೂಡಿತು. ಏಷ್ಯನ್, ಮೆಕ್ಸಿಕನ್ ಮತ್ತು ಮೂಲನಿವಾಸಿ ಮನೆತನಗಳ ವಿದ್ಯಾರ್ಥಿಗಳು ಜೊತೆಗೂಡಿದರು. ಹಂಗಾಮಿ ಅಧ್ಯಕ್ಷರಾಗಿ ಬಂದ ಭಾಷಾ ವಿದ್ವಾಂಸ ಎಸ್. ಐ. ಹಯಕಾವ ಮುಷ್ಕರದ ಟ್ರಕ್ ಹತ್ತಿ ಧ್ವನಿವರ್ಧಕದ ತಂತಿಗಳನ್ನು ಕಿತ್ತುಹಾಕಿದ್ದು ದೇಶವೆಲ್ಲ ಸುದ್ದಿಯಾಯಿತು. ಹಯಕಾವ ಸ್ವತಃ ಜಪಾನಿ ಮೂಲದವರು. 1969ರ ಮಾರ್ಚ್‌ನಲ್ಲಿ ಮುಷ್ಕರ ಮುಗಿಯುವ ಹೊತ್ತಿಗೆ ಜನಾಂಗೀಯ ಅಧ್ಯಯನಕ್ಕೇ ಮೀಸಲಾದ ಶಾಲೆಯೊಂದನ್ನು ತೆರೆಯಲು ಕಾಲೇಜು ಒಪ್ಪಿತ್ತು. ಅದೇ ವರ್ಷ ಬರ್ಕ್ಲಿಯಲ್ಲೂ ಮುಷ್ಕರ ನಡೆದು, ಅಂಥದೇ ಒಂದು ವಿಭಾಗ ಹುಟ್ಟಿತು.

ಆಗಿನ ಬೇಡಿಕೆ, ನಮ್ಮ ಚರಿತ್ರೆಯನ್ನು ಓದಲು ನಮಗೊಂದು ಜಾಗ ಕೊಡಿ ಎಂಬುದಾಗಿತ್ತು. 1980ರ ದಶಕದ ಕೊನೆಗೆ ಬರ್ಕ್ಲಿಯ ಪದವಿ ತರಗತಿಗಳಲ್ಲಿ ಬಿಳಿಯರು ಬಹುಸಂಖ್ಯಾತರಾಗಿ ಉಳಿದಿರಲಿಲ್ಲ. ಪ್ರಶ್ನೆಯೂ ಬದಲಾಯಿತು. ನಮ್ಮ ಚರಿತ್ರೆಯನ್ನು ನಾವಷ್ಟೇ ಓದಿದರೆ ಸಾಕೆ, ಪಕ್ಕದ ಬೆಂಚಿನವರು ಓದಬೇಡವೆ? ಹವಾಯಿಯ ಕಬ್ಬಿನ ತೋಟಗಳಿಗೆ ಜಪಾನಿನಿಂದ ಕೂಲಿಗಳಾಗಿ ಬಂದವರ ವಂಶದಲ್ಲಿ ಹುಟ್ಟಿದ ಇತಿಹಾಸಕಾರ ರೊನಾಲ್ಡ್ ಟಕಾಕಿ ಈ ಮಾತನ್ನು ಬಲವಾಗಿ ಎತ್ತಿದವರಲ್ಲಿ ಒಬ್ಬರು.

ವಿರೋಧಿಸಿದವರೆಲ್ಲ ಸಂಕುಚಿತರೆಂದು ತಳ್ಳಿಹಾಕುವಂತಿಲ್ಲ. ಏನನ್ನು ಓದಬೇಕೆಂಬ ಆಯ್ಕೆ ವಿದ್ಯಾರ್ಥಿಯದಲ್ಲವೆ, ರಾಜಕೀಯವನ್ನು ಪಠ್ಯದೊಳಗೆ ತುರುಕಿದಂತಾಗುವುದಿಲ್ಲವೆ ಎಂಬ ಆತಂಕಗಳಿದ್ದವು. ಹಿಂದಿನ ವರ್ಷವಷ್ಟೇ ಸ್ಟ್ಯಾನ್‌ಫರ್ಡ್ ತನ್ನ ಕಡ್ಡಾಯ ‘ವೆಸ್ಟರ್ನ್ ಕಲ್ಚರ್’ ಕೋರ್ಸನ್ನು ಬದಲಿಸಿದ್ದಕ್ಕೆ ಪತ್ರಿಕೆಗಳಲ್ಲಿ ದೊಡ್ಡ ಜಗಳವೇ ನಡೆದಿತ್ತು. ಅಲ್ಲಿನ ವಾದವೆಲ್ಲ ಯಾವ ಪುಸ್ತಕ ಪಟ್ಟಿಯಲ್ಲಿರಬೇಕು, ಯಾವುದು ಹೋಗಬೇಕು ಎಂಬುದರ ಸುತ್ತಲೇ ತಿರುಗಿತು.

ಬರ್ಕ್ಲಿ ಪುಸ್ತಕಗಳ ಪಟ್ಟಿ ಮಾಡಲಿಲ್ಲ, ಒಂದು ಷರತ್ತು ಹಾಕಿತು. ಆಫ್ರಿಕನ್ ಅಮೆರಿಕನ್ನರು, ಮೂಲನಿವಾಸಿಗಳು, ಏಷ್ಯನ್ ಅಮೆರಿಕನ್ನರು, ಲ್ಯಾಟಿನೋ ಜನರು, ಯುರೋಪ್ ಮೂಲದವರು ಎಂಬ ಐದು ಗುಂಪುಗಳಲ್ಲಿ ಕನಿಷ್ಠ ಮೂರನ್ನು ಒಂದೇ ಕೋರ್ಸಿನಲ್ಲಿ, ಒಂದರ ಪಕ್ಕ ಒಂದನ್ನಿಟ್ಟು ಕಲಿಸಬೇಕು. ಬಿಳಿಯರೂ ಪಟ್ಟಿಯಲ್ಲಿದ್ದಾರೆ ಎಂಬುದನ್ನು ಗಮನಿಸಬೇಕು. ಕೋರ್ಸನ್ನು ಯಾವ ವಿಭಾಗ ಬೇಕಾದರೂ ರೂಪಿಸಬಹುದು.

ಪಕ್ಕಪಕ್ಕ ಇಟ್ಟು ನೋಡುವುದರಿಂದ ಏನು ಲಾಭ? ಇಬ್ಬರು ವಲಸಿಗರ ಕಥೆ ಇದಕ್ಕೆ ಉತ್ತರ ಹೇಳುತ್ತದೆ. ಇಬ್ಬರೂ ಬರ್ಕ್ಲಿಯಲ್ಲೇ ಓದಿದವರು. ಆಗಿನ ಕಾನೂನಿನಂತೆ ವಲಸಿಗರಲ್ಲಿ ಬಿಳಿಯರು ಮತ್ತು ಆಫ್ರಿಕನ್ ಮೂಲದವರು ಮಾತ್ರ ಅಮೆರಿಕದ ಪೌರತ್ವ ಪಡೆಯಬಹುದಿತ್ತು. ಜಪಾನಿನ ತಕಾವೊ ಒಜಾವ, ತನ್ನ ಚರ್ಮವೂ ಬಿಳಿಯೇ ಎಂದು ವಾದಿಸಿದ. 1922ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಬಣ್ಣದಿಂದ ಏನೂ ಆಗದು, ಬಿಳಿಯ ಎಂದರೆ ಕಾಕೇಸಿಯನ್ ಎಂದಿತು. ಪಂಜಾಬಿನ ಭಗತ್ ಸಿಂಗ್ ಥಿಂಡ್, ಮೇಲ್ಜಾತಿಯ ಆರ್ಯನಾದ ತಾನು ಕಾಕೇಸಿಯನ್ನನೇ ಎಂದು ವಾದ ಹೂಡಿದ. ಮೂರೇ ತಿಂಗಳ ನಂತರ, 1923ರ ಫೆಬ್ರುವರಿಯಲ್ಲಿ ಅದೇ ಕೋರ್ಟು, ವಿದ್ವಾಂಸರ ವಿಂಗಡಣೆ ಮುಖ್ಯವಲ್ಲ, ಸಾಮಾನ್ಯ ಜನ ಯಾರನ್ನು ಬಿಳಿಯರೆನ್ನುತ್ತಾರೋ ಅವರೇ ಬಿಳಿಯರು ಎಂದಿತು. ಎರಡೂ ತೀರ್ಪು ಬರೆದವರು ನ್ಯಾಯಮೂರ್ತಿ ಜಾರ್ಜ್ ಸದರ್ಲ್ಯಾಂಡ್.

ಒಂದೇ ತೀರ್ಪನ್ನು ಓದಿದವರಿಗೆ ಅದು ಕಾನೂನಿನ ವ್ಯಾಖ್ಯಾನದಂತೆ ಕಾಣುತ್ತದೆ. ಎರಡನ್ನೂ ಓದಿದಾಗಲೇ ಬಾಗಿಲಿನ ಅಳತೆ ಬಂದವರಿಗೆ ತಕ್ಕಂತೆ ಬದಲಾಯಿತೆಂದು ತಿಳಿಯುವುದು. ಆ ಬಾಗಿಲೇ ಅನ್ಯಾಯದ್ದೆಂದು ಥಿಂಡ್ ವಾದಿಸಲಿಲ್ಲ, ಊರಿನಿಂದ ತಂದ ಜಾತಿಯನ್ನು ಮುಂದಿಟ್ಟು ಒಳಗೆ ಹೋಗಲು ನೋಡಿದ ಎಂಬುದೂ ಆಗಲೇ ತಿಳಿಯುವುದು. 1965ರ ವಲಸೆ ಕಾನೂನಿನ ನಂತರ ಬೆಂಗಳೂರು, ಮೈಸೂರುಗಳಿಂದ ಹೋಗಿ ನೆಲೆಸಿದವರ ಮಕ್ಕಳಿಗೂ ಇದು ದೂರದ ಕಥೆಯಲ್ಲ.

2015ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವೂ, ಹಿಂದೆ ಸೋತಿದ್ದ ಇಂಥದೊಂದು ನಿಯಮವನ್ನು ಅಧ್ಯಾಪಕರ ಮತದಿಂದ ಒಪ್ಪಿತು. 2020ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ತನ್ನ ಸ್ಟೇಟ್ ಯೂನಿವರ್ಸಿಟಿಯ ಎಲ್ಲ ಕ್ಯಾಂಪಸ್‌ಗಳಲ್ಲಿ ಜನಾಂಗೀಯ ಅಧ್ಯಯನವನ್ನು ಕಾನೂನಿನಿಂದಲೇ ಕಡ್ಡಾಯ ಮಾಡಿತು. 2023ರಲ್ಲಿ ಫ್ಲಾರಿಡಾದ ಶಾಸನಸಭೆ ಇದಕ್ಕೆ ತಿರುಗುಮುರುಗಾಗಿ, ‘ಗುರುತಿನ ರಾಜಕೀಯ’ ಕಲಿಸುವ ಪಾಠಗಳನ್ನು ಸಾಮಾನ್ಯ ಶಿಕ್ಷಣದ ಮೂಲ ಕೋರ್ಸುಗಳಿಂದ ಹೊರಗಿಟ್ಟಿತು. ತರಗತಿಯ ತೀರ್ಮಾನ ಶಾಸಕರ ಕೈಗೆ ಹೋದರೆ, ಇಂದು ಕಡ್ಡಾಯವಾದದ್ದು ನಾಳೆ ನಿಷಿದ್ಧವಾಗಬಹುದು.

ಬರ್ಕ್ಲಿಯ ದಾರಿ ನಿಧಾನದ್ದು. ಅಲ್ಲಿ ನಿಯಮ ವಿದ್ಯಾರ್ಥಿಗಳ ಮೇಲೆ ಬಿದ್ದರೂ ಕೆಲಸ ಬಿದ್ದದ್ದು ಅಧ್ಯಾಪಕರ ಮೇಲೆ. ಸಂಗೀತ, ವಾಸ್ತುಶಿಲ್ಪ, ಪರಿಸರ ವಿಜ್ಞಾನದವರೂ ತಮ್ಮ ವಿಷಯದಲ್ಲಿ ಈ ಚರಿತ್ರೆ ಎಲ್ಲಿದೆಯೆಂದು ಹುಡುಕಿ ಹೊಸ ಪಾಠ ಬರೆಯಬೇಕಾಯಿತು. ಒಂದು ಸೆಮಿಸ್ಟರಿನ ಕೋರ್ಸು ಯಾರ ಮನಸ್ಸನ್ನೂ ಬದಲಿಸುವ ಭರವಸೆ ಕೊಡಲಾರದು. ವೇಳಾಪಟ್ಟಿಗೆ ಹೊಂದುತ್ತದೆಂದು ಹೆಸರು ಹಚ್ಚಿದ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಒಜಾವ ಮತ್ತು ಥಿಂಡ್ ಇಬ್ಬರನ್ನೂ ಒಟ್ಟಿಗೆ ಎದುರಾಗುವ ಒಂದು ಅವಕಾಶವನ್ನಂತೂ ಅದು ಕೊಡಬಲ್ಲದು.