ಪುಣೆಯ ಗಡಿ ಎಲ್ಲಿ, ಬೆಂಗಳೂರಿನ ಗಡಿ ಎಲ್ಲಿ? ಎರಡು ಮಹಾನಗರಗಳ ಹೊರವಲಯದ ಕಥೆ

ರಾಂಜಣಗಾಂವ (ಪುಣೆ): ಊರಿನಿಂದ ಫೋನ್ ಬಂದು 'ಈಗ ಎಲ್ಲಿದ್ದೀಯಪ್ಪಾ?' ಎಂದು ಕೇಳಿದರೆ ರಾಂಜಣಗಾಂವದ ಕಾರ್ಖಾನೆಯಲ್ಲಿ ಕೆಲಸ ಮಾಡುವವರ ಬಾಯಲ್ಲಿ ಬರುವ ಉತ್ತರ 'ಪುಣೆಯಲ್ಲಿ' ಎಂದೇ. ಆದರೆ ಪುಣೆ ಮಹಾನಗರ ಪಾಲಿಕೆಯ ನಕ್ಷೆಯಲ್ಲಿ ಹುಡುಕಿದರೆ ಈ ಊರು ಸಿಗುವುದಿಲ್ಲ. ಪುಣೆಯಿಂದ ಅಹಿಲ್ಯಾನಗರಕ್ಕೆ (ಹಿಂದಿನ ಅಹಮದ್‌ನಗರ) ಹೋಗುವ ಹೆದ್ದಾರಿಯಲ್ಲಿ ಸುಮಾರು 50 ಕಿ.ಮೀ. ದೂರದ ಶಿರೂರ ತಾಲೂಕಿನ ಹಳ್ಳಿ ಇದು. ಅಷ್ಟವಿನಾಯಕ ಕ್ಷೇತ್ರಗಳಲ್ಲಿ ಒಂದಾದ ಮಹಾಗಣಪತಿಯ ದೇವಸ್ಥಾನ ಇಲ್ಲಿದೆ. ಎಲ್‌ಜಿ, ವರ್ಲ್‌ಪೂಲ್ ಕಾರ್ಖಾನೆಗಳೂ ಜೀಪ್ ಕಂಪಾಸ್ ತಯಾರಾಗುವ ಘಟಕವೂ ಇಲ್ಲಿಯೇ ಇವೆ. (ಛತ್ರಪತಿ ಸಂಭಾಜಿನಗರದ ವಾಳೂಜ್ ಬಳಿ ಇದೇ ಹೆಸರಿನ ಇನ್ನೊಂದು ಊರಿದೆ. ಕೆಲಸ ಹುಡುಕಿಕೊಂಡು ಹೊರಟವರು ವಿಳಾಸ ಸರಿಯಾಗಿ ನೋಡಿಕೊಳ್ಳಬೇಕು.)

ಹಾಗಾದರೆ ಪುಣೆ ಮುಗಿಯುವುದು ಎಲ್ಲಿ? ಅಂಚೆಯವರನ್ನು ಕೇಳಿದರೆ ಒಂದು ಉತ್ತರ, ದೂರವಾಣಿ ಇಲಾಖೆಯನ್ನು ಕೇಳಿದರೆ ಇನ್ನೊಂದು, ಪಾಲಿಕೆಯನ್ನು ಕೇಳಿದರೆ ಮತ್ತೊಂದು. ನಗರದೊಳಗಿನ ಪಿನ್‌ಕೋಡ್ 411ರಿಂದ ಶುರುವಾದರೆ ಹೊರವಲಯದ್ದು 412ರಿಂದ. ರಾಂಜಣಗಾಂವ 412ರಲ್ಲಿದೆ, ಸರಿ. ಆದರೆ ಅದೇ ಹೆದ್ದಾರಿಯಲ್ಲಿ ನಗರಕ್ಕೆ ಅಂಟಿಕೊಂಡಿರುವ ವಾಘೋಲಿ ಈಗ ಪಾಲಿಕೆಯ ಒಳಗೇ ಇದೆ, ಪಿನ್‌ಕೋಡ್ ಮಾತ್ರ ಇನ್ನೂ 412. ಅತ್ತ ಪಿಂಪ್ರಿ-ಚಿಂಚವಾಡದ್ದು 411, ಎಸ್‌ಟಿಡಿ ಕೋಡ್ ಕೂಡ ಪುಣೆಯದೇ 020. ಆದರೆ ಅದು ಪುಣೆ ಪಾಲಿಕೆಯಲ್ಲ, ಬೇರೆಯದೇ ಮಹಾನಗರ ಪಾಲಿಕೆ.

ಬೆಂಗಳೂರಿನಲ್ಲಿ ಮನೆ ಹುಡುಕಿದವರಿಗೆ ಈ ಗೊಂದಲ ಹೊಸದೇನಲ್ಲ. ರಾಷ್ಟ್ರೀಯ ಹೆದ್ದಾರಿ 48 ಜೋಡಿಸುವ ಈ ಎರಡೂ ನಗರಗಳು ಐಟಿ ಮತ್ತು ಕಾರ್ಖಾನೆಗಳ ಬಲದಿಂದ ಬೆಳೆದವು. ಎರಡರಲ್ಲೂ ಹಳೇ ಪೇಟೆ ಇದೆ, ಬ್ರಿಟಿಷರ ದಂಡು ಪ್ರದೇಶ ಇದೆ. ಎರಡಕ್ಕೂ ಕಡಲಿಲ್ಲ. ಆದರೆ ಗಡಿ ಎಳೆಯುವ ವಿಷಯಕ್ಕೆ ಬಂದರೆ ಇವು ಹಿಡಿದದ್ದು ಬೇರೆ ಬೇರೆ ದಾರಿ.

ಒಂದೇ ಸಲಕ್ಕೆ ನುಂಗಿದ ಬೆಂಗಳೂರು

ಬೆಂಗಳೂರಿನಲ್ಲಿ ಪೇಟೆಗೂ ದಂಡಿಗೂ ಬೇರೆ ಬೇರೆ ಪುರಸಭೆಗಳಿದ್ದವು. 1949ರಲ್ಲಿ ಅವೆರಡನ್ನೂ ಸೇರಿಸಿ ಒಂದೇ ಕಾರ್ಪೊರೇಷನ್ ಮಾಡಲಾಯಿತು. ದೊಡ್ಡ ಜಿಗಿತ ಆದದ್ದು 2007ರಲ್ಲಿ. ಯಲಹಂಕ, ಕೃಷ್ಣರಾಜಪುರ, ಮಹದೇವಪುರ, ಬೊಮ್ಮನಹಳ್ಳಿ, ಬ್ಯಾಟರಾಯನಪುರ, ದಾಸರಹಳ್ಳಿ, ರಾಜರಾಜೇಶ್ವರಿ ನಗರ ಎಂಬ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿಕೊಂಡು ಬಿಬಿಎಂಪಿ ಹುಟ್ಟಿತು. ಸುಮಾರು 226 ಚದರ ಕಿ.ಮೀ. ಇದ್ದ ನಗರ ಒಮ್ಮೆಲೇ 700 ಚದರ ಕಿ.ಮೀ. ದಾಟಿತು.

ಗಡಿ ಬೆಳೆದಷ್ಟು ಬೇಗ ನಲ್ಲಿ ಬರಲಿಲ್ಲ. ಆ 110 ಹಳ್ಳಿಗಳಿಗೆ ನೀರು ಕೊಡಲೆಂದೇ ರೂಪಿಸಿದ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಈ ಯೋಜನೆಗಾಗಿ ಹಳ್ಳಿಗಳು ಕಾದದ್ದು 17 ವರ್ಷ. ನಡುವಿನ ಕಾಲದಲ್ಲಿ ಬೋರ್‌ವೆಲ್ ಮತ್ತು ಟ್ಯಾಂಕರ್‌ಗಳೇ ಗತಿಯಾಗಿದ್ದವು. ಪಾಲಿಕೆಯ ಒಳಗೆ ಇದ್ದೇವೆ ಎಂಬುದು ತೆರಿಗೆ ರಸೀದಿಯಲ್ಲಿ ಮಾತ್ರ ಗೊತ್ತಾಗುತ್ತಿತ್ತು.

ಇಷ್ಟು ದೊಡ್ಡದನ್ನು ಒಂದೇ ಕಚೇರಿಯಿಂದ ಆಳುವುದು ಕಷ್ಟ ಎಂದು ಕೊನೆಗೆ ಸರಕಾರವೇ ಒಪ್ಪಿಕೊಂಡಿತು. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ 15ರಂದು ಜಾರಿಗೆ ಬಂತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗಕ್ಕೆ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂಬ ಐದು ಪಾಲಿಕೆಗಳು ಬಂದವು. ಇವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಕೂತಿತು. ಅಂದರೆ 2007ರಲ್ಲಿ ಕೂಡಿಸಿದ್ದನ್ನು 2025ರಲ್ಲಿ ಬೇರೆ ಗೆರೆಗಳಲ್ಲಿ ಹಂಚಲಾಯಿತು. ಅದೇ ವರ್ಷ ರಾಮನಗರ ಜಿಲ್ಲೆಗೆ 'ಬೆಂಗಳೂರು ದಕ್ಷಿಣ' ಎಂಬ ಹೆಸರೂ ಬಂತು. ಈಗ ಬೆಂಗಳೂರು ದಕ್ಷಿಣ ಎಂಬ ಹೆಸರಲ್ಲಿ ಒಂದು ಜಿಲ್ಲೆ, ಒಂದು ಪಾಲಿಕೆ, ಒಂದು ಲೋಕಸಭಾ ಕ್ಷೇತ್ರ ಇವೆ, ಮೂರೂ ಬೇರೆ ಬೇರೆ ಜಾಗ. ಬಿಡದಿಯ ಟೊಯೊಟಾ ಕಾರ್ಖಾನೆ ಇದ್ದಲ್ಲಿಯೇ ಇದ್ದು ಬೆಂಗಳೂರು ಹೆಸರಿನ ಜಿಲ್ಲೆಗೆ ಬಂದುಬಿಟ್ಟಿತು.

ಕಂತಿನಲ್ಲಿ ಬೆಳೆದ ಪುಣೆ

ಪುಣೆಯದು ಇದಕ್ಕೆ ಉಲ್ಟಾ. ಇಲ್ಲಿ ಮಹಾನಗರ ಪಾಲಿಕೆ ಆದದ್ದು 1950ರಲ್ಲಿ. ಕೈಗಾರಿಕೆ ಬೆಳೆದ ಪಿಂಪ್ರಿ-ಚಿಂಚವಾಡವನ್ನು ಪುಣೆ ತನ್ನೊಳಗೆ ಎಳೆದುಕೊಳ್ಳಲಿಲ್ಲ. 1970ರಲ್ಲಿ ಅದು ಪ್ರತ್ಯೇಕ ನಗರ ಪರಿಷತ್ ಆಯಿತು, 1982ರಲ್ಲಿ ಪ್ರತ್ಯೇಕ ಮಹಾನಗರ ಪಾಲಿಕೆ. 2011ರ ಜನಗಣತಿಯಲ್ಲಿ ಪುಣೆ ಪಾಲಿಕೆಯಲ್ಲಿ 31 ಲಕ್ಷ, ಪಿಂಪ್ರಿ-ಚಿಂಚವಾಡದಲ್ಲಿ 17 ಲಕ್ಷ ಜನ ಇದ್ದರು. ಅದೇ ಗಣತಿಯಲ್ಲಿ ಬಿಬಿಎಂಪಿ ಒಂದರಲ್ಲೇ 84 ಲಕ್ಷ. ಎರಡು ನಗರಗಳ ಗಾತ್ರ ಹೋಲಿಸುವವರು ಸಾಮಾನ್ಯವಾಗಿ ತಪ್ಪುವುದು ಇಲ್ಲೇ: ಪುಣೆಯ ಅಂಕಿ ಅಂದಾಗ ಪಿಂಪ್ರಿ-ಚಿಂಚವಾಡ ಸೇರಿದೆಯೇ ಇಲ್ಲವೇ ಎಂದು ನೋಡುವುದಿಲ್ಲ.

ಎರಡು ಪಾಲಿಕೆಗಳಿಗೆ ನೀರಿನ ಮೂಲವೂ ಎರಡು. ಪುಣೆಗೆ ಖಡಕವಾಸಲಾ, ಪಾನಶೇತ್, ವರಸಗಾಂವ್ ಸರಣಿಯ ಅಣೆಕಟ್ಟುಗಳಾದರೆ ಪಿಂಪ್ರಿ-ಚಿಂಚವಾಡಕ್ಕೆ ಪವನಾ. ಪವನಾ ಅಣೆಕಟ್ಟಿನಿಂದ ನಗರಕ್ಕೆ ಮುಚ್ಚಿದ ಪೈಪ್‌ನಲ್ಲಿ ನೀರು ತರುವ ಯೋಜನೆಯನ್ನು ಮಾವಳ ತಾಲೂಕಿನ ರೈತರು ವಿರೋಧಿಸಿದರು. 2011ರ ಆಗಸ್ಟ್ 9ರಂದು ಪೊಲೀಸರ ಗುಂಡಿಗೆ ಮೂವರು ರೈತರು ಬಲಿಯಾದರು. ಯೋಜನೆ ವರ್ಷಗಟ್ಟಲೆ ನಿಂತುಹೋಯಿತು. ಗಡಿಯ ಒಳಗಿನ ನಲ್ಲಿಗೆ ಗಡಿಯ ಹೊರಗಿನ ಹೊಲ ಎಷ್ಟು ಬೆಲೆ ತೆರಬೇಕು ಎಂಬ ಪ್ರಶ್ನೆ ಪುಣೆ ಜಿಲ್ಲೆಯಲ್ಲಿ ಅಷ್ಟು ಕಟುವಾಗಿ ಬೇರೆಲ್ಲೂ ಎದ್ದದ್ದಿಲ್ಲ.

ಇನ್ನು ಹಳ್ಳಿಗಳ ಸೇರ್ಪಡೆ. ಪುಣೆ ಪಾಲಿಕೆಗೆ 1997ರಲ್ಲಿ 30ಕ್ಕೂ ಹೆಚ್ಚು ಹಳ್ಳಿಗಳನ್ನು ಸೇರಿಸಿ, ಆಮೇಲೆ ಕೆಲವನ್ನು ಬಿಟ್ಟುಕೊಡಲಾಯಿತು. 2017ರಲ್ಲಿ 11 ಹಳ್ಳಿ, 2021ರ ಜೂನ್ 30ರಂದು ಮತ್ತೆ 23 ಹಳ್ಳಿ ಸೇರಿದವು. 331 ಚದರ ಕಿ.ಮೀ. ಇದ್ದ ಪಾಲಿಕೆ 500 ಚದರ ಕಿ.ಮೀ. ದಾಟಿ, ವಿಸ್ತೀರ್ಣದಲ್ಲಿ ಮುಂಬೈಯನ್ನೂ ಹಿಂದಿಕ್ಕಿತು. ವಾಘೋಲಿ ಒಳಬಂದದ್ದು ಈ ಕೊನೆಯ ಕಂತಿನಲ್ಲಿ. ಆದರೆ ಸೇರಿಸಿದ ಬೆನ್ನಲ್ಲೇ ಆ 23 ಹಳ್ಳಿಗಳ ಯೋಜನಾ ಅಧಿಕಾರವನ್ನು ಸರಕಾರ ಪುಣೆ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಕ್ಕೆ (ಪಿಎಂಆರ್‌ಡಿಎ) ಕೊಟ್ಟಿತು. ಕಸ ಎತ್ತುವವರು ಒಬ್ಬರು, ಕಟ್ಟಡಕ್ಕೆ ಪರವಾನಗಿ ಕೊಡುವವರು ಇನ್ನೊಬ್ಬರು.

ಇನ್ನೊಂದು ನಷ್ಟವೂ ಆಯಿತು. ಹಳ್ಳಿ ಪಾಲಿಕೆಗೆ ಸೇರಿದ ಕೂಡಲೇ ಗ್ರಾಮ ಪಂಚಾಯಿತಿ ರದ್ದಾಗುತ್ತದೆ. ವಾಘೋಲಿ ಸೇರಿದ ಒಂಬತ್ತೇ ತಿಂಗಳಿಗೆ, 2022ರ ಮಾರ್ಚ್‌ನಲ್ಲಿ, ಪುಣೆ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿಯಿತು. ಆಮೇಲೆ ಮೂರು ವರ್ಷಕ್ಕೂ ಹೆಚ್ಚು ಕಾಲ ಆಡಳಿತಾಧಿಕಾರಿಯದೇ ದರ್ಬಾರು. ಸರಪಂಚರೂ ಇಲ್ಲ, ಕಾರ್ಪೊರೇಟರೂ ಇಲ್ಲ. ಈ ವಿಷಯದಲ್ಲಿ ಬೆಂಗಳೂರಿನವರು ನಗುವಂತಿಲ್ಲ: 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿದ ಮೇಲೆ ಬಿಬಿಎಂಪಿಗೆ ಇನ್ನೊಂದು ಚುನಾವಣೆ ಆಗಲೇ ಇಲ್ಲ, ಅಷ್ಟರಲ್ಲಿ ಬಿಬಿಎಂಪಿಯೇ ಇಲ್ಲವಾಯಿತು.

ಒಳಬಂದು ಹೊರಹೋದ ಊರುಗಳು

ಫುರಸುಂಗಿ ಮತ್ತು ಉರುಳಿ ದೇವಾಚಿ 2017ರ ಕಂತಿನಲ್ಲಿ ಪುಣೆಗೆ ಸೇರಿದ್ದವು. ನಗರದ ಕಸ ವರ್ಷಗಳಿಂದ ಬಂದು ಬೀಳುತ್ತಿದ್ದ ಡಿಪೋ ಇರುವುದೇ ಇಲ್ಲಿ. ಸೇರಿದ ಮೇಲೆ ಆಸ್ತಿ ತೆರಿಗೆ ಏರಿತು, ಸೌಲಭ್ಯ ಅದೇ ವೇಗದಲ್ಲಿ ಬರಲಿಲ್ಲ ಎಂಬುದು ಅಲ್ಲಿನವರ ದೂರು. ಕೊನೆಗೆ ಮಹಾರಾಷ್ಟ್ರ ಸರಕಾರ ಈ ಎರಡೂ ಊರುಗಳನ್ನು ಪಾಲಿಕೆಯಿಂದ ಹೊರತೆಗೆದು 2024ರಲ್ಲಿ ಪ್ರತ್ಯೇಕ ನಗರ ಪರಿಷತ್ ಮಾಡಿತು. ಬೆಂಗಳೂರಿನ ಯಾವ ಹಳೇ ನಗರಸಭೆಗೂ ಹೀಗೆ ಒಂಟಿಯಾಗಿ ಹೊರಬರಲು ಆಗಲಿಲ್ಲ.

ಐಟಿ ಕಂಪನಿಗಳಿಂದ ಹೆಸರಾದ ಹಿಂಜವಡಿಯದು ಇನ್ನೂ ವಿಚಿತ್ರ. ರಾಜೀವ್ ಗಾಂಧಿ ಇನ್ಫೋಟೆಕ್ ಪಾರ್ಕ್ ಇರುವ ಈ ಊರು 2017ರಲ್ಲೂ 2021ರಲ್ಲೂ ಎರಡೂ ಪಾಲಿಕೆಗಳ ಹೊರಗೇ ಉಳಿಯಿತು. ಲಕ್ಷಾಂತರ ಜನ ದಿನವೂ ಬಂದು ಹೋಗುವ ಜಾಗಕ್ಕೆ ಗ್ರಾಮ ಪಂಚಾಯಿತಿ, ಕೈಗಾರಿಕಾ ಅಭಿವೃದ್ಧಿ ನಿಗಮ (ಎಂಐಡಿಸಿ), ಪಿಎಂಆರ್‌ಡಿಎ ಮೂರೂ ಹೊಣೆ. ಮಳೆಗಾಲದಲ್ಲಿ ರಸ್ತೆ ಹೊಳೆಯಾದಾಗ ಯಾರನ್ನು ಕೇಳಬೇಕು ಎಂಬುದೇ ಪ್ರಶ್ನೆ. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿ ಇದಕ್ಕೆ ಬೇರೆ ಉಪಾಯ ಕಂಡುಕೊಂಡಿತು: 2013ರಿಂದ ಅಲ್ಲಿ ಪ್ರತ್ಯೇಕ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರ ಇದೆ, ಅದೇ ತೆರಿಗೆ ಸಂಗ್ರಹಿಸಿ ಅದೇ ರಸ್ತೆ ನೋಡಿಕೊಳ್ಳುತ್ತದೆ. ಆದರೆ ಗೇಟಿನ ಹೊರಗಿನ ಬೀದಿಗೆ ಆ ಅನುಕೂಲ ಇಲ್ಲ.

ಅಮೆರಿಕದಲ್ಲೂ ಇದೇ ಜಗಳ

ಗಡಿಯ ಈ ತಕರಾರು ನಮ್ಮಲ್ಲೇ ಹುಟ್ಟಿದ್ದೇನಲ್ಲ. ಲಾಸ್ ಏಂಜಲೀಸ್ ಕೂಡ ಮೂಲದಲ್ಲಿ ಕಡಲಿನಿಂದ ದೂರ ಇದ್ದ ಊರು. ಬಂದರು ಬೇಕೆಂದು 1906ರಲ್ಲಿ ಸಮುದ್ರದ ಕಡೆಗೆ ಒಂದು ಉದ್ದನೆಯ ಕಿರಿದಾದ ಪಟ್ಟಿಯನ್ನು ಸೇರಿಸಿಕೊಂಡು, 1909ರಲ್ಲಿ ಸ್ಯಾನ್ ಪೆಡ್ರೊ ಮತ್ತು ವಿಲ್ಮಿಂಗ್ಟನ್ ಅನ್ನು ತನ್ನದಾಗಿಸಿಕೊಂಡಿತು. ವೆನಿಸ್ ಬೀಚ್ ನಗರಕ್ಕೆ ಸೇರಿದ್ದು 1926ರಲ್ಲಿ. ಅದರ ಪಕ್ಕದಲ್ಲೇ ಇರುವ ಸಾಂಟಾ ಮೋನಿಕಾ ಮಾತ್ರ ಇಂದಿಗೂ ಬೇರೆ ನಗರ. ಮರಳಿನ ಮೇಲೆ ನಡೆಯುತ್ತಾ ಹೋದವರಿಗೆ ಒಂದು ನಗರ ಮುಗಿದು ಇನ್ನೊಂದು ಶುರುವಾದದ್ದು ಗೊತ್ತಾಗುವುದೇ ಇಲ್ಲ.

ನೀರಿನ ಪಾಠವೂ ಅಲ್ಲಿದೆ. 1913ರಲ್ಲಿ ದೂರದ ಓವೆನ್ಸ್ ಕಣಿವೆಯಿಂದ ಕಾಲುವೆ ಬಂದ ಮೇಲೆ, ಆ ನೀರು ಬೇಕಾದರೆ ನಗರಕ್ಕೆ ಸೇರಬೇಕು ಎಂಬ ಸ್ಥಿತಿ ಬಂತು. 1915ರಲ್ಲಿ ಸ್ಯಾನ್ ಫರ್ನಾಂಡೊ ಕಣಿವೆಯ ದೊಡ್ಡ ಭಾಗ ಸೇರಿತು. ಅಲ್ಲಿ ಕಾಲುವೆ ಮೊದಲು, ಗಡಿ ಆಮೇಲೆ. ಬೆಂಗಳೂರಿನಲ್ಲಿ ಗಡಿ ಮೊದಲು, ಕಾವೇರಿ ಆಮೇಲೆ. ಅದೇ ಕಣಿವೆಯವರು 2002ರಲ್ಲಿ ಬೇರೆಯಾಗಲು ಹೊರಟರು. ಕಣಿವೆಯಲ್ಲಿ ಅಲ್ಪ ಬಹುಮತ ಸಿಕ್ಕರೂ ಇಡೀ ನಗರದ ಮತದಲ್ಲಿ ಸೋತರು.

ಶಿಕಾಗೊ ಬೇರೆ ಥರ. 1889ರಲ್ಲಿ ಹೈಡ್ ಪಾರ್ಕ್, ಲೇಕ್ ವ್ಯೂ ಮುಂತಾದ ಹೊರವಲಯಗಳನ್ನು ಸೇರಿಸಿಕೊಂಡು ಒಂದೇ ಏಟಿಗೆ ಹಿಗ್ಗಿತು, ನಮ್ಮ 2007ರ ಹಾಗೆ. 1956ರಲ್ಲಿ ಒಹೇರ್ ವಿಮಾನ ನಿಲ್ದಾಣಕ್ಕಾಗಿ ಒಂದು ರಸ್ತೆಯಷ್ಟೇ ಅಗಲದ ಪಟ್ಟಿಯನ್ನು ಗಡಿಗೆ ಜೋಡಿಸಿತು. ಶಿಕಾಗೊದ ಬೀಚ್‌ಗಳು ಸಮುದ್ರದ್ದಲ್ಲ, ಮಿಷಿಗನ್ ಸರೋವರದ್ದು. ಆದರೂ ನಗರದ ದಡದ ಬಹುಪಾಲು ಸಾರ್ವಜನಿಕ ಉದ್ಯಾನವಾಗಿಯೇ ಉಳಿದಿದೆ.

ಕಡಲಿಲ್ಲದವರ ಚೌಪಾಟಿ

ಪುಣೆಯವರಿಗೂ ಒಂದು 'ಚೌಪಾಟಿ' ಇದೆ, ಉಪ್ಪುನೀರಿಲ್ಲದ್ದು. 1879ರಲ್ಲಿ ಮುಗಿದ ಖಡಕವಾಸಲಾ ಅಣೆಕಟ್ಟಿನ ಹಿನ್ನೀರ ದಡದಲ್ಲಿ ಮಳೆಗಾಲದ ಭಾನುವಾರ ಕಾಲಿಡಲು ಜಾಗ ಇರುವುದಿಲ್ಲ. ಸುಟ್ಟ ಜೋಳದ ತೆನೆ, ಬಿಸಿ ಈರುಳ್ಳಿ ಬಜಿ, ಸಿಂಹಗಡದ ಕಡೆ ಹೊರಟವರ ಬೈಕ್ ಸಾಲು. ಖಡಕವಾಸಲಾ ಊರು ಪಾಲಿಕೆಗೆ ಸೇರಿದ್ದು ವಾಘೋಲಿಯ ಜೊತೆಗೇ, 2021ರಲ್ಲಿ. ನಿಜವಾದ ಕಡಲು ಬೇಕಾದರೆ ಘಾಟಿ ಇಳಿದು ಸುಮಾರು 140 ಕಿ.ಮೀ. ದೂರದ ಅಲಿಬಾಗ್‌ಗೆ ಹೋಗಬೇಕು. ಬೆಂಗಳೂರಿನವರಿಗೆ ಆ ಭಾಗ್ಯವೂ ಇಲ್ಲ. ಮಂಗಳೂರಾಗಲಿ ಚೆನ್ನೈಯಾಗಲಿ ಸುಮಾರು 350 ಕಿ.ಮೀ. ಆದ್ದರಿಂದ ಭಾನುವಾರದ ಸಾಲು ನಂದಿ ಬೆಟ್ಟದ ಕಡೆಗೆ.

ರಾಂಜಣಗಾಂವಕ್ಕೆ ಮರಳಿದರೆ

ಈ ಯಾವ ಗೆರೆಯೂ ಪಾಲಿಕೆಯ ಹೆಸರಲ್ಲಿ ರಾಂಜಣಗಾಂವದವರೆಗೆ ಬಂದಿಲ್ಲ. ಇಲ್ಲಿ ಎರಡು ಲೋಕಗಳಿವೆ. ಕೈಗಾರಿಕಾ ಪ್ರದೇಶದ ಒಳಗೆ ರಸ್ತೆ, ನೀರು, ಕಟ್ಟಡ ಪರವಾನಗಿ ಎಲ್ಲವೂ ಎಂಐಡಿಸಿಯದು. ಕಾರ್ಮಿಕರು ಬಾಡಿಗೆಗೆ ಇರುವ ಖೋಲಿಗಳು ಮಾತ್ರ ಹಳ್ಳಿಯ ಕಡೆ, ಅಲ್ಲಿ ಹೊಣೆ ಗ್ರಾಮ ಪಂಚಾಯಿತಿಯದು. ಬಿಡದಿ, ನರಸಾಪುರಗಳ ಕೈಗಾರಿಕಾ ಪ್ರದೇಶಗಳನ್ನು ನೋಡಿದವರಿಗೆ ಈ ಚಿತ್ರ ಪರಿಚಿತ.

ಹೊರವಲಯದಲ್ಲಿ ಮನೆ ಅಥವಾ ನಿವೇಶನ ನೋಡುವವರು ಜಾಹೀರಾತಿನ 'ಪುಣೆ', 'ಬೆಂಗಳೂರು' ಎಂಬ ಹೆಸರು ನಂಬಿಕೊಂಡು ಮುಂದುವರಿಯಬಾರದು. ಪಿನ್‌ಕೋಡ್ ಕೂಡ ಸಾಕ್ಷಿಯಲ್ಲ ಎಂಬುದಕ್ಕೆ ವಾಘೋಲಿಯೇ ಉದಾಹರಣೆ. ಇತ್ತೀಚಿನ ಮನೆ ತೆರಿಗೆಯ ರಸೀದಿ ಯಾವ ಕಚೇರಿಯದು, ಕಟ್ಟಡ ಪರವಾನಗಿಗೆ ಸಹಿ ಹಾಕಿದವರು ಪಾಲಿಕೆಯೋ ಪ್ರಾಧಿಕಾರವೋ, ನೀರು ನಲ್ಲಿಯದೋ ಟ್ಯಾಂಕರಿನದೋ ಎಂದು ಕೇಳಬೇಕು. ಬೆಂಗಳೂರಿನ ಸುತ್ತ ಗ್ರಾಮ ಪಂಚಾಯಿತಿ ವ್ಯಾಪ್ತಿಯ ಆಸ್ತಿಗೆ ಇ-ಸ್ವತ್ತಿನ ನಮೂನೆ 9 ಮತ್ತು 11 ಇರುತ್ತದೆ, ಪಾಲಿಕೆ ವ್ಯಾಪ್ತಿಯದಕ್ಕೆ ಇ-ಖಾತಾ. ಪುಣೆಯ ಸುತ್ತ ಗ್ರಾಮೀಣ ಜಮೀನಿಗೆ 7/12 ಉತಾರೆ ನೋಡುವುದು ರೂಢಿ, ಅದು ಮಹಾರಾಷ್ಟ್ರ ಸರಕಾರದ ಮಹಾಭೂಲೇಖ ತಾಣದಲ್ಲಿ ಆನ್‌ಲೈನ್ ಸಿಗುತ್ತದೆ.