ಕಾಫಿ ನಾಡಿನ ಬಸುರಿ ಮತ್ತು ಮದ್ದಿನ ಅಳತೆ

ಹಾಸನ ಜಿಲ್ಲೆಯ ಸಕಲೇಶಪುರ ಸೀಮೆಗೆ ಹಿಂದೆ ಮಂಜರಾಬಾದ್ ಎಂಬ ಹೆಸರಿತ್ತು. 19ನೇ ಶತಮಾನದ ನಡುಭಾಗದಲ್ಲಿ ಇಲ್ಲಿನ ಬೆಟ್ಟಗಳ ಇಳಿಜಾರಿನಲ್ಲಿ ಐರೋಪ್ಯರ ಕಾಫಿ ತೋಟಗಳು ತಲೆಯೆತ್ತಿದವು. 1850ರ ದಶಕದಲ್ಲಿ ಇಲ್ಲಿ ನೆಲೆಸಿದ ರಾಬರ್ಟ್ ಎಲಿಯಟ್ ಎಂಬ ತೋಟಗಾರ ತನ್ನ ಅನುಭವಗಳನ್ನು 1894ರಲ್ಲಿ ಪುಸ್ತಕವಾಗಿ ಹೊರತಂದ. ತೋಟಗಳಲ್ಲಿ ದುಡಿದವರಲ್ಲಿ ಗಂಡಸರಂತೆ ಹೆಂಗಸರೂ ಇದ್ದರು. ಅವರೆಲ್ಲರನ್ನೂ ಕಾಡಿದ ಪಿಡುಗು ಮಲೇರಿಯಾ, ಅಂದರೆ ಚಳಿಜ್ವರ.

ಅದಕ್ಕೆ ಆಗ ಇದ್ದ ಮದ್ದು ಕ್ವಿನೈನ್. ಸಿಂಕೋನಾ ಮರದ ತೊಗಟೆಯಿಂದ ಇದನ್ನು 1820ರಲ್ಲಿ ಬೇರ್ಪಡಿಸಿದವರು ಫ್ರಾನ್ಸಿನ ಪೆಲೆಟಿಯೇ ಮತ್ತು ಕವೆಂತೂ. ಅದರ ಹಿಂದಿನ ವರ್ಷವಷ್ಟೇ ಜರ್ಮನಿಯ ರುಂಗೆ ಕಾಫಿ ಬೀಜದಿಂದ ಕೆಫೀನ್ ತೆಗೆದಿದ್ದ. ಒಂದು ತೋಟದ ಬೆಳೆಯಲ್ಲೇ ಇರುವ ವಸ್ತು, ಇನ್ನೊಂದು ತೋಟದವರು ನುಂಗಬೇಕಾದ ಕಹಿ. ಎರಡೂ ದೇಹದೊಳಗೆ ಹೊಕ್ಕ ಮೇಲೆ ಯಕೃತ್ತಿನಲ್ಲಿ ಕರಗಿ ಹೊರಬೀಳಬೇಕಾದವು. ಆ ದೇಹ ಬಸುರಿಯದಾದರೆ?

ಬಸುರಿಗೆ ಮಲೇರಿಯಾ ಹೆಚ್ಚು ಅಪಾಯಕಾರಿ. ರೋಗಾಣುಗಳು ಮಾಸಿನಲ್ಲಿ ಮನೆಮಾಡುತ್ತವೆ. ತಾಯಿಗೆ ರಕ್ತಹೀನತೆ ಉಂಟಾಗುತ್ತದೆ, ಮಗುವಿನ ತೂಕ ಕುಗ್ಗುತ್ತದೆ. ಹಾಗಿದ್ದರೂ ಮದ್ದಿನ ಪ್ರಮಾಣ ನಿಗದಿಯಾದದ್ದು ಬಸುರಿಲ್ಲದವರ ದೇಹವನ್ನು ನೋಡಿ.

ಗರ್ಭ ನಿಂತ ಮೇಲೆ ದೇಹದ ಲೆಕ್ಕವೇ ಬದಲಾಗುತ್ತದೆ. ರಕ್ತದ ದ್ರವಭಾಗ ಶೇ. 40ರಿಂದ 50ರಷ್ಟು ಹೆಚ್ಚುವುದರಿಂದ ಮದ್ದು ತೆಳುವಾಗುತ್ತದೆ. ಮೂತ್ರಪಿಂಡಗಳು ಸುಮಾರು ಶೇ. 50ರಷ್ಟು ಹೆಚ್ಚು ಸೋಸುತ್ತವೆ. ಯಕೃತ್ತಿನ ಕಿಣ್ವಗಳಲ್ಲಿ ಕೆಲವು ಚುರುಕಾದರೆ ಕೆಲವು ಮಂದವಾಗುತ್ತವೆ.

ಕೆಫೀನನ್ನು ಒಡೆಯುವ ಕಿಣ್ವ ಮಂದವಾಗುವ ಗುಂಪಿಗೆ ಸೇರಿದ್ದು. ಸಾಮಾನ್ಯವಾಗಿ ಸುಮಾರು 5 ಗಂಟೆಯಲ್ಲಿ ಅರ್ಧಕ್ಕಿಳಿಯುವ ಕೆಫೀನ್, ಕೊನೆಯ ತಿಂಗಳುಗಳಲ್ಲಿ ಅಷ್ಟಕ್ಕಿಳಿಯಲು 15 ಗಂಟೆ ಅಥವಾ ಇನ್ನೂ ಹೆಚ್ಚು ಹೊತ್ತು ತೆಗೆದುಕೊಳ್ಳಬಹುದು. ಅದು ಮಾಸನ್ನು ದಾಟಿ ಮಗುವನ್ನೂ ಸೇರುತ್ತದೆ. ಅದನ್ನು ಒಡೆಯುವ ಶಕ್ತಿ ಮಗುವಿಗಿಲ್ಲ. ದಿನಕ್ಕೆ 300 ಮಿಲಿಗ್ರಾಂಗಿಂತ ಹೆಚ್ಚು ಕೆಫೀನ್ ಸೇವಿಸುವ ಬಸುರಿಯರು ಅದನ್ನು ತಗ್ಗಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಸಲಹೆ ನೀಡಿತು.

ಬೇರೆ ಕೆಲವು ಮದ್ದುಗಳದ್ದು ಇದಕ್ಕೆ ತದ್ವಿರುದ್ಧ ದಾರಿ. ಮೂರ್ಛೆರೋಗಕ್ಕೆ ಕೊಡುವ ಲ್ಯಾಮೊಟ್ರಿಜಿನ್ ಬಸುರಿಯ ದೇಹದಿಂದ ಬೇಗ ಹೊರಹೋಗುವುದರಿಂದ ನಿಂತಿದ್ದ ಮೂರ್ಛೆ ಮರುಕಳಿಸಬಹುದು. ಹೆರಿಗೆಯಾದ ಮೇಲೆ ಏರಿಸಿದ ಪ್ರಮಾಣವನ್ನು ಮತ್ತೆ ಇಳಿಸದಿದ್ದರೆ ಅದೇ ಮದ್ದು ಅತಿಯಾಗುತ್ತದೆ. ಇಂದಿನ ಮಲೇರಿಯಾ ಮದ್ದುಗಳಲ್ಲೊಂದಾದ ಲ್ಯೂಮಿಫ್ಯಾಂಟ್ರಿನ್ ಕೂಡ ಬಸುರಿಯರ ರಕ್ತದಲ್ಲಿ ಕಡಿಮೆ ಮಟ್ಟದಲ್ಲಿರುವುದು ಅಧ್ಯಯನಗಳಲ್ಲಿ ಕಂಡುಬಂದಿದೆ.

ಇದೆಲ್ಲ ತಡವಾಗಿ ತಿಳಿದದ್ದೇಕೆ? ಉತ್ತರದ ಒಂದು ಭಾಗ ಥ್ಯಾಲಿಡೊಮೈಡ್ ದುರಂತದಲ್ಲಿದೆ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಈ ಮಾತ್ರೆಯಿಂದ ಸಾವಿರಾರು ಮಕ್ಕಳು ಅಂಗವೈಕಲ್ಯದೊಂದಿಗೆ ಹುಟ್ಟಿದರು. 1961ರಲ್ಲಿ ಅಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಆ ಭಯದಿಂದ ಬಸುರಿಯರನ್ನು ಔಷಧಿ ಪರೀಕ್ಷೆಗಳಿಂದಲೇ ದೂರವಿಡುವುದು ರೂಢಿಯಾಯಿತು. ರಕ್ಷಣೆಗೆಂದು ಹಾಕಿದ ಬೇಲಿ ತಿಳಿವಳಿಕೆಗೂ ಅಡ್ಡವಾಯಿತು. ಆರ್ಟಿಮೀಥರ್–ಲ್ಯೂಮಿಫ್ಯಾಂಟ್ರಿನ್ ಜೋಡಿಯನ್ನು ಮೊದಲ ಮೂರು ತಿಂಗಳಲ್ಲೂ ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2022ರಲ್ಲಷ್ಟೇ.

ಡಿಡಿಟಿ ಸಿಂಪಡಣೆ ಮತ್ತು 1953ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮದ ನಂತರ ಮಲೆನಾಡಿನಲ್ಲಿ ಚಳಿಜ್ವರದ ಹಾವಳಿ ತಗ್ಗಿತು. ಆದರೆ ಥೈರಾಯ್ಡ್, ಮೂರ್ಛೆ, ರಕ್ತದೊತ್ತಡಗಳ ಮಾತ್ರೆಗಳು ಇಂದು ಹಳ್ಳಿಮನೆಗಳಲ್ಲೂ ಇವೆ. ಬಸುರಿ ಎಂದು ತಿಳಿದೊಡನೆ ಮಾತ್ರೆ ನಿಲ್ಲಿಸುವುದೂ ತಪ್ಪು, ಹಳೆಯ ಚೀಟಿಯನ್ನೇ ನಂಬಿ ನುಂಗುತ್ತಿರುವುದೂ ತಪ್ಪು. ಬಸಿರಿನಲ್ಲೊಮ್ಮೆ, ಬಾಣಂತನದಲ್ಲಿ ಮತ್ತೊಮ್ಮೆ ವೈದ್ಯರಿಂದ ಅಳತೆಯನ್ನು ಹೊಸದಾಗಿ ಕೇಳಿ ತಿಳಿಯುವುದೇ ಕ್ಷೇಮ.